ಶಿರಸಿ, ಯಾಣ, ಕಾರವಾರ, ಅಣಶಿ: ಲಿಫ್ಟ್ ಕಿಟ್ ಕೊಳ್ಳುವ ಮೊದಲು ದಾರಿ ನೋಡಿ

ಶಿರಸಿಯಿಂದ ಯಾಣಕ್ಕೆ ಹೋಗೋಕೆ ಗಾಡಿಗೆ ಲಿಫ್ಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಥರದ ಪಾರ್ಟು ಬದಲಿಸಿ ಗಾಡಿ ಎತ್ತರಿಸುವ ಕಿಟ್) ಹಾಕಿಸಬೇಕಾ? ಬೇಡ. ಮತ್ತಿಘಟ್ಟದ ಮೇಲೆ ಹಾದು ವಡ್ಡಿ ಘಟ್ಟ ಇಳಿಯುವ ದಾರಿ ಡಾಂಬರಿನದು. ಅಲ್ಲಲ್ಲಿ ಕಿತ್ತುಹೋಗಿದೆ ಅಷ್ಟೆ, ಸಣ್ಣ ಕಾರುಗಳೂ ಓಡಾಡುತ್ತವೆ. ಲಿಫ್ಟಿನ ಮಾತು ಬರುವುದು ಡಾಂಬರು ಬಿಟ್ಟು ತೋಟದ ಮನೆಗಳ ಕಡೆ ತಿರುಗಿದಾಗ. ಮಳೆ ನೀರು ಕೊರೆದ ಎರಡು ಗಾಲಿ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಹಳ್ಳ ದಾಟುವಲ್ಲಿ ಜಾರುವ ಕಲ್ಲು. ಇಂಥ ದಾರಿ ನಿಮ್ಮ ಪ್ಲ್ಯಾನಿನಲ್ಲಿ ಇದ್ದರೆ ಮಾತ್ರ ಮುಂದೆ ಓದಿ.

ನಾವು ಹೋಗಿದ್ದು ಮೂರು ಗಾಡಿಗಳಲ್ಲಿ. ನನ್ನದು ಐದು ಬಾಗಿಲಿನ ಜಿಮ್ನಿ, ಸ್ನೇಹಿತನದು ಹೊಸ ಥಾರ್, ಭಾವನದು ಹಳೇ ಜಿಪ್ಸಿ. ಮೂರಕ್ಕೂ ಲಿಫ್ಟ್ ಇತ್ತು, ಮೂರರ ಸಸ್ಪೆನ್ಷನ್ನೂ ಬೇರೆ ಬೇರೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್ (ಎಡ ಬಲದ ಗಾಲಿಗಳನ್ನು ಜೋಡಿಸುವ ಒಂದೇ ತೊಲೆ), ಕಾಯಿಲ್ ಸ್ಪ್ರಿಂಗ್. ಥಾರ್‌ಗೆ ಮುಂದಿನ ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಆಡುತ್ತವೆ. ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್. ಒಂದಕ್ಕೆ ಒಗ್ಗಿದ ಪಾರ್ಟು ಇನ್ನೊಂದಕ್ಕೆ ಒಗ್ಗುವುದಿಲ್ಲ. ಹಾಗಾಗಿ 'ಎರಡು ಇಂಚಿನ ಕಿಟ್ ಕೊಡಿ' ಅಂತ ಸುಮ್ನೆ ಅಂಗಡಿಗೆ ಹೋಗಬೇಡಿ.

ಲಿಫ್ಟ್ ಹಾಕಿದರೆ ಎಲ್ಲವೂ ಮೇಲೇರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಜಿಮ್ನಿ, ಜಿಪ್ಸಿಯಂಥ ಗಾಡಿಯಲ್ಲಿ ಮೇಲೇರುವುದು ಬಾಡಿ ಮತ್ತು ಚಾಸಿಸ್. ಆಕ್ಸಲ್ಲು, ಅದರ ನಡುವಿನ ಡಿಫರೆನ್ಷಿಯಲ್ಲು (ಎರಡು ಗಾಲಿಗೂ ಶಕ್ತಿ ಹಂಚುವ ಗೇರುಗಳ ಗುಂಡು) ಇದ್ದಲ್ಲೇ ಇರುತ್ತವೆ. ಅದರ ಕೆಳಗಿನ ಜಾಗ ಒಂದು ನೂಲೂ ಹೆಚ್ಚುವುದಿಲ್ಲ. ಅದು ಹೆಚ್ಚಬೇಕಾದರೆ ಟಯರ್ ದೊಡ್ಡದಾಗಬೇಕು. ಅದೂ ಎಷ್ಟು? ಜಿಮ್ನಿಯ 195/80 ಆರ್15 ತೆಗೆದು 215/75 ಆರ್15 ಹಾಕಿದರೆ ವ್ಯಾಸ ಹೆಚ್ಚುವುದು ಸುಮಾರು 10 ಮಿ.ಮೀ., ಆಕ್ಸಲ್ ಏರುವುದು ಅದರ ಅರ್ಧ. ಹಾಗಾದರೆ ಲಿಫ್ಟ್ ಯಾಕೆ? ಹೊಟ್ಟೆ ತಾಗದಿರಲಿ ಅಂತ. ಐದು ಬಾಗಿಲಿನ ಜಿಮ್ನಿ ಉದ್ದ ಜಾಸ್ತಿ, ಎರಡು ಆಕ್ಸಲ್ ನಡುವೆ 2,590 ಮಿ.ಮೀ. ದಿಬ್ಬ ಹತ್ತಿ ಇಳಿಯುವಾಗ ಮೊದಲು ನೆಲಕ್ಕೆ ತಾಗುವುದು ಅದರ ನಡು. ತೋಟದ ದಾರಿಯಲ್ಲಿ ಭಾವ ಮುಂದೆ ನಿಂತು 'ಬಲಕ್ಕೆ, ಇನ್ನೂ ಬಲಕ್ಕೆ, ಸಾಕು ಮಾರಾಯಾ' ಅಂತ ಕೈ ತೋರಿಸುತ್ತಿದ್ದ. ಹೊಟ್ಟೆ ಎಲ್ಲೂ ತಾಗಲಿಲ್ಲ. ನಡುವಿನ ದಿಬ್ಬದ ಹುಲ್ಲನ್ನು ಮಾತ್ರ ಡಿಫರೆನ್ಷಿಯಲ್ ಬೋಳಿಸಿಕೊಂಡು ಬಂತು.

ನನ್ನ ಲೆಕ್ಕದಲ್ಲಿ ಈ ಜಿಲ್ಲೆಯ ದಾರಿಗಳಿಗೆ 40ರಿಂದ 50 ಮಿ.ಮೀ. ಲಿಫ್ಟ್ ಧಾರಾಳ. ಅದಕ್ಕಿಂತ ಎತ್ತರಿಸಿದರೆ ಘಟ್ಟದ ತಿರುವಿನಲ್ಲಿ ಗಾಡಿ ವಾಲುತ್ತದೆ, ಹಿಂದೆ ಕೂತವರಿಗೆ ವಾಂತಿ. ನನ್ನ ಗಾಡಿ ಹತ್ತೋಕೆ ಆಯಿಗೆ ಈಗಲೇ ಮರದ ಮಣೆ ಇಡಬೇಕು.

ಸ್ಪ್ರಿಂಗ್ ಆರಿಸುವಾಗ ಎತ್ತರಕ್ಕಿಂತ ಮೊದಲು ಭಾರ ನೋಡಿ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಥರದ ಕಂಪನಿಗಳು ಒಂದೇ ಗಾಡಿಗೆ ಹಗುರ ಭಾರಕ್ಕೊಂದು, ಹೆಚ್ಚು ಭಾರಕ್ಕೊಂದು ಸ್ಪ್ರಿಂಗ್ ಮಾಡುತ್ತವೆ. ವಿಂಚು (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ), ಕಬ್ಬಿಣದ ಬಂಪರು, ಮೇಲೆ ಕ್ಯಾರಿಯರ್ರು ಯಾವಾಗಲೂ ಇರುತ್ತದಾ? ಹಾಗಿದ್ದರೆ ಗಟ್ಟಿಯದು ತಗೊಳ್ಳಿ. ವರ್ಷಕ್ಕೊಮ್ಮೆ ಟೆಂಟು ಹೇರುವವರು ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಉಳಿದ ದಿನವೆಲ್ಲ ಗಾಡಿ ಮೇಕೆ ಮರಿಯ ಹಾಗೆ ನೆಗೆಯುತ್ತದೆ.

ಶಾಕ್ ಅಬ್ಸಾರ್ಬರ್ ಉದ್ದವೂ ಸ್ಪ್ರಿಂಗಿಗೆ ಹೊಂದಬೇಕು. ಹಳೇ ಶಾಕ್ ಉಳಿಸಿಕೊಂಡು ಉದ್ದದ ಸ್ಪ್ರಿಂಗ್ ಮಾತ್ರ ಹಾಕಿದರೆ ಗಾಲಿ ಕೆಳಗಿಳಿದಾಗಲೆಲ್ಲ ಶಾಕ್ ತುದಿಗೆ ಬಂದು ಟಕ್ ಅನ್ನುತ್ತದೆ. ಶಾಕ್ ಉದ್ದವಾದರೆ ಬಂಪ್ ಸ್ಟಾಪ್ (ಗಾಲಿ ಮೇಲೇರುವುದನ್ನು ತಡೆಯುವ ರಬ್ಬರ್ ತುಂಡು) ಕೂಡ ಉದ್ದವಾಗಬೇಕು, ಇಲ್ಲದಿದ್ದರೆ ಗಾಲಿ ಪೂರ್ತಿ ಮೇಲೇರಿದಾಗ ಪೆಟ್ಟು ಬೀಳುವುದು ಶಾಕಿಗೆ. ಒಂದೇ ಕೊಳವೆಯ ಮೋನೊಟ್ಯೂಬ್ ಶಾಕ್ ಬಿಸಿ ಬೇಗ ಬಿಡುತ್ತದೆ, ನಿಜ. ಆದರೆ ಅದರ ಮೈಗೆ ಕಲ್ಲು ತಾಗಿ ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಸಿಕ್ಕಿಹಾಕಿಕೊಳ್ಳಬಹುದು. ಟ್ವಿನ್ ಟ್ಯೂಬಿಗೆ ಎರಡು ಗೋಡೆ, ಪೆಟ್ಟು ತಡೆಯುತ್ತದೆ. ನಿಧಾನವಾಗಿ ಹೋಗುವ ನಮ್ಮ ಕಲ್ಲು ದಾರಿಗೆ ನಾನು ಟ್ವಿನ್ ಟ್ಯೂಬೇ ಇಟ್ಟುಕೊಂಡಿದ್ದೇನೆ. ಮೋನೊಟ್ಯೂಬ್ ಕಂಡರೆ ಜೀವ ಬಿಡುವ ಥಾರ್ ಗೆಳೆಯ ಇದನ್ನು ಒಪ್ಪುವುದಿಲ್ಲ.

ಅಚವೆ ಕಡೆಯಿಂದ ವಿಭೂತಿ ಜಲಪಾತ ನೋಡಿಕೊಂಡು ಅಂಕೋಲಾ ಸೇರಿದೆವು. ಕಿಟ್ಟಿನ ನಿಜವಾದ ಪರೀಕ್ಷೆ ಅಲ್ಲಿಂದ ಶುರು. ಕಾಡಿನ ದಾರಿಯಲ್ಲಿ ಎಂಥ ಕಿಟ್ಟೂ ಚೆನ್ನಾಗಿಯೇ ಇರುತ್ತದೆ. ಕಾರವಾರದ ಕಡೆ 66ನೇ ಹೆದ್ದಾರಿಯಲ್ಲಿ 80ಕ್ಕೆ ಹೋದಾಗ ಹುಳುಕು ಹೊರಗೆ ಬೀಳುತ್ತದೆ. ಜಿಮ್ನಿಯನ್ನು ಎತ್ತರಿಸಿದರೆ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ (ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ. ಇದಕ್ಕೆ ಕ್ಯಾಸ್ಟರ್ ಸರಿಮಾಡುವ ಬುಷ್ (ಜೋಡಣೆಯಲ್ಲಿ ಕೂರುವ ಬಳೆ) ಸಿಗುತ್ತದೆ, ಕಿಟ್ ಜೊತೆಗೇ ಕೇಳಿ. ಇನ್ನೊಂದು ಪ್ಯಾನ್‌ಹಾರ್ಡ್ ರಾಡ್. ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಇದರ ಒಂದು ತುದಿ ಚಾಸಿಸ್ಸಿಗೆ, ಇನ್ನೊಂದು ಆಕ್ಸಲ್ಲಿಗೆ. ಚಾಸಿಸ್ ಮೇಲೇರಿದಾಗ ರಾಡ್ ಆಕ್ಸಲ್ಲನ್ನು ಪಕ್ಕಕ್ಕೆ ಎಳೆಯುತ್ತದೆ.

ಎಷ್ಟು ಸರಿದಿದೆ ಅಂತ ಅಂಗಳದಲ್ಲೇ ಅಳೆಯಬಹುದು. ದಾರಕ್ಕೆ ಒಂದು ನಟ್ ಕಟ್ಟಿ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಡಿ. ದಾರದಿಂದ ಟಯರ್ ಗೋಡೆಗೆ ಎಷ್ಟು ದೂರ ಅಂತ ಎಡಕ್ಕೂ ಬಲಕ್ಕೂ ಸ್ಕೇಲಿಟ್ಟು ನೋಡಿ. ವ್ಯತ್ಯಾಸ ಎದ್ದು ಕಂಡರೆ ಉದ್ದ ಹೊಂದಿಸಬಹುದಾದ ರಾಡ್ ಬೇಕು. ನನಗೆ ಕಿಟ್ ಮಾರಿದ ಅಂಗಡಿಯವರು ಬುಷ್ಷಿನ ಮಾತನ್ನೂ ಎತ್ತಲಿಲ್ಲ, ರಾಡಿನ ಮಾತನ್ನೂ ಎತ್ತಲಿಲ್ಲ. ಎರಡನ್ನೂ ಬೇರೆ ಕಡೆಯಿಂದ ತರಿಸಬೇಕಾಯಿತು.

ಥಾರ್‌ಗೆ ಸ್ನೇಹಿತ ಹಾಕಿಸಿದ್ದು ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಿ) ಮೇಲೆ ಕೂರುವ ಸ್ಪೇಸರ್, ಅಂದರೆ ದಪ್ಪ ಬಿಲ್ಲೆ. ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಮುಂದಿನ ಆಕ್ಸಲ್ ಶಾಫ್ಟುಗಳು ಓರೆಯಾಗುತ್ತವೆ, ಅವುಗಳ ತುದಿಯ ಸಿವಿ ಜಾಯಿಂಟಿನ (ಓರೆಯಾದರೂ ಶಕ್ತಿ ದಾಟಿಸುವ ಕೀಲು) ರಬ್ಬರ್ ಬೂಟು, ಅಂದರೆ ಹೊದಿಕೆ, ಬೇಗ ಸವೆಯುತ್ತದೆ. ಬೂಟ್ ಹರಿದರೆ ಕೆಸರು ಒಳಗೆ ಹೋಗಿ ಜಾಯಿಂಟೇ ಹಾಳು. ಹೊರಡುವ ಮೊದಲು ಬೂಟಿನ ಮಡಿಕೆಗಳಿಗೆ ಟಾರ್ಚ್ ಬಿಟ್ಟು ನೋಡಿ. ಜಿಪ್ಸಿಯವರಿಗೆ ಒಂದೇ ಮಾತು: ಶ್ಯಾಕಲ್ (ಪ್ಲೇಟ್ ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿ) ಎರಡು ಇಂಚು ಹೆಚ್ಚು ಉದ್ದದ್ದು ಹಾಕಿದರೆ ಸಿಗುವ ಎತ್ತರ ಸುಮಾರು ಒಂದೇ ಇಂಚು.

ಕಾರವಾರದಲ್ಲಿ ಊಟಕ್ಕೆ ಮೀನು ಬಿಟ್ಟು ಬೇರೆ ಯೋಚನೆ ಬೇಡ. ಅಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಕದ್ರಾ ದಾಟಿ ಅಣಶಿ ಘಟ್ಟ ಹತ್ತಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಸ್ತೆ ಬಿಟ್ಟು ಒಳಗೆ ಗಾಡಿ ಇಳಿಸುವಂತಿಲ್ಲ. ಕಡಲತೀರದಲ್ಲೂ ಬೇಡ, ಅಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಮಳೆಗಾಲದಲ್ಲಿ ಈ ಸುತ್ತು ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದಿತ್ತು. ದೀಪಾವಳಿ ಆದ ಮೇಲೆ ಹೊರಡಿ.

ಪಾರ್ಟು ಕೂರಿಸುವ ದಿನ ನೀವೇ ಎದುರಿಗಿರಿ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ಗಾಲಿ ನೇತಾಡುವಾಗ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಲಿ ಪೂರ್ತಿ ಇಳಿಬಿಟ್ಟಾಗ ಬ್ರೇಕ್ ಹೋಸ್, ಎಬಿಎಸ್ ವಯರ್ ಬಿಗಿಯಾಗುತ್ತಾ ನೋಡಿ. ಆಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಕೆಳಗಿಳಿಸುವುದು. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿಸಿ.

ಹಣ ಕೊಡುವ ಮೊದಲು ಇನ್ನೊಂದು ಕೆಲಸ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ನಿಮ್ಮ ಕಿಟ್ಟಿನ ವಿವರ ಹಿಡಿದು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.