ನಿಶ್ಚಯದ ಮೂರು ಕಾಗದಗಳು

ಶಿರಸಿ, ಭಾನುವಾರ, ಫೆಬ್ರವರಿ 9, 2025

ಅಜ್ಜನ ಕಾಗದದ ಸರಿಗೆಯನ್ನು ಇವತ್ತು ಪೂರ್ತಿ ಬಿಚ್ಚಿದೆ. ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಒಂದು ದುಂಡನೆಯ ಮರದ ತುಂಡು, ಅದಕ್ಕೆ ಉದ್ದದ ಸರಿಗೆ, ತುದಿಯಲ್ಲಿ ಕೊಕ್ಕೆ. ಬಂದ ಕಾಗದ ಓದಿಯಾದ ಮೇಲೆ ಅದಕ್ಕೆ ಚುಚ್ಚಿ ಜಗಲಿಯ ಗೋಡೆಗೆ ತೂಗುಹಾಕುವುದು. ತೀರ್ವೆಯ ರಸೀದಿ, ಅಡಿಕೆ ಮಾರಿದ ಚೀಟಿ, ಮದುವೆಯ ಕರೆಯೋಲೆ, ಎಲ್ಲ ಒಂದರ ಮೇಲೊಂದು. ಎಲ್ಲದರ ನಡುವೆಯೂ ತುಕ್ಕು ಹಿಡಿದ ತೂತು. ಹುಡುಕುತ್ತಿದ್ದದ್ದು ಹಿಸ್ಸೆಯ ಕಾಗದ. ಸಿಕ್ಕಿದ್ದು 1981ರ ಒಂದು ನಿಶ್ಚಯದ ಸುದ್ದಿ.

ಅಜ್ಜನ ತಂಗಿಯನ್ನು ಕೊಟ್ಟಿದ್ದು ಘಟ್ಟದ ಕೆಳಗೆ, ಕುಮಟಾ ಕಡೆಗೆ. ಅವರ ಮಗಳನ್ನು ನಾನು ಅತ್ತೆ ಎಂದೇ ಕರೆಯುವುದು. ಅವರ ಮದುವೆ ಸಿದ್ದಾಪುರ ಕಡೆಯ ತೋಟದ ಮನೆಗೆ ಗಟ್ಟಿಯಾದಾಗ ಬರೆದ ಕಾಗದಗಳು ಇವು. (ಅತ್ತೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು, ಅಷ್ಟೇ.)

ಮೊದಲನೆಯದು ಅತ್ತೆಯ ಅಪ್ಪ ಬರೆದ ಕಾರ್ಡು. ಆಗ ಕಾರ್ಡಿಗೆ 15 ಪೈಸೆ. ಮೇಲೆ ನಡುವೆ ‘ಶ್ರೀ’, ಬಲಗಡೆ ‘ಕ್ಷೇಮ’ ಮತ್ತು ತಾರೀಕು. ನಾಲ್ಕೂ ಮೂಲೆಗೆ ಅರಿಶಿನ. ಈಗ ಅದು ಕಂದು ಕಲೆಯಾಗಿ ನಿಂತಿದೆ, ಆದರೂ ಗುರುತು ಸಿಗುತ್ತದೆ. ‘ತೀರ್ಥರೂಪ ಭಾವನವರಲ್ಲಿ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು. ತರುವಾಯ...’ ಈ ತರುವಾಯದ ನಂತರವೇ ವಿಷಯ. ಜಾತಕ ಕೂಡಿ ಬಂದಿದೆ. ಮಾಘ ಮಾಸದಲ್ಲೇ ನಿಶ್ಚಯ, ವೈಶಾಖದಲ್ಲಿ ಮದುವೆ. ‘ತಾವು ಸೋದರಮಾವ. ತಾವು ಬಾರದೆ ತಾಂಬೂಲ ಬದಲಾಯಿಸುವುದಿಲ್ಲ.’

ಕಾರ್ಡು ಎಂದರೆ ಅಂಚೆಯವನೂ ಓದುವ ಕಾಗದ. ಅಜ್ಜನ ಕೈಗೆ ಬರುವ ಮೊದಲೇ ಅರ್ಧ ಊರಿಗೆ ಸುದ್ದಿ ಮುಟ್ಟಿರುತ್ತಿತ್ತು. ಶುಭ ಸುದ್ದಿಗೆ ಅದೇ ಬೇಕಿತ್ತು, ಅಲ್ವಾ? ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ ಎಂದೇ ಕಾರ್ಡು. ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದಿರುತ್ತಿತ್ತು, ‘ಶ್ರೀ’ ಇರುತ್ತಿರಲಿಲ್ಲ. ಅದನ್ನು ಓದಿ ಹೊರಗೇ ಹರಿದು ಹಾಕುತ್ತಿದ್ದರು. ಟೆಲಿಗ್ರಾಂ ಬಂದರಂತೂ ಒಡೆಯುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರಂತೆ. ಹಾಗಾಗಿ ಎಷ್ಟೇ ಅವಸರವಿದ್ದರೂ ನಿಶ್ಚಯದ ಸುದ್ದಿಗೆ ನಮ್ಮವರು ಟೆಲಿಗ್ರಾಂ ಕೊಡುತ್ತಿರಲಿಲ್ಲ. 2013ರಲ್ಲಿ ಟೆಲಿಗ್ರಾಂ ನಿಂತಾಗ ನಮ್ಮ ಊರಲ್ಲಿ ಅದಕ್ಕಾಗಿ ಬೇಜಾರು ಮಾಡಿಕೊಂಡವರು ಯಾರೂ ಇರಲಿಲ್ಲ.

ಕುಮಟಾದ ಮುದ್ರೆ ಫೆಬ್ರವರಿ 13ರದ್ದು, ಶಿರಸಿಯದ್ದು 16ರದ್ದು. ನಡುವೆ ಇರುವುದು ದೇವಿಮನೆ ಘಟ್ಟ, ಸುಮಾರು 60 ಕಿ.ಮೀ. ದಾರಿ. ಬದಿಯಲ್ಲಿ ಅಜ್ಜನ ಅಕ್ಷರ: ‘ಉತ್ತರ ಬರೆದಿದ್ದು 18ಕ್ಕೆ.’ ಬಂದ ಪ್ರತಿ ಕಾಗದದ ಮೇಲೂ ಹೀಗೆ ಬರೆದಿಟ್ಟಿದ್ದಾರೆ. ಉತ್ತರ ಹೋಗದ ಕಾಗದ ಒಂದೂ ಇಲ್ಲ.

ಎರಡನೆಯದು ಇನ್‌ಲ್ಯಾಂಡ್, ಮಡಿಸಿ ಅಂಟಿಸಿ ಕಳಿಸುವ ಅಂಚೆ ಕಾಗದ. ಅಜ್ಜನ ತಂಗಿ ಬರೆದದ್ದು. ಗಂಡ ಕಾರ್ಡು ಹಾಕಿದ ಎರಡೇ ದಿನಕ್ಕೆ ಹೆಂಡತಿ ಬೇರೆ ಕಾಗದ ಯಾಕೆ ಬರೆದರು ಎಂದು ಓದುವಾಗ ತಿಳಿಯಿತು. ಒಳಗೆ ಜಾಗ ಸಾಲದೆ ಅಂಟು ಹಚ್ಚುವ ಮಡಿಕೆಯ ಮೇಲೂ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನೋಡಲು ಯಾರ್ಯಾರು ಬಂದಿದ್ದರು, ಹುಡುಗನ ತಾಯಿ ಎಷ್ಟು ಮಾತಾಡಿದರು, ಕೇಸರಿ ಬಾತಿಗೆ ತುಪ್ಪ ಕಮ್ಮಿಯಾಯಿತೋ ಏನೋ. ಕೊನೆಗೆ, ‘ಅಡಿಕೆ ಕೊಟ್ಟಾದ ಮೇಲೆ ಕೂಸಿನ ಬಳೆಗೆ ಸ್ವಲ್ಪ ಅನುಕೂಲ ಮಾಡಿದರೆ ಉಪಕಾರ. ಇವರಿಗೆ ತಿಳಿಯುವುದು ಬೇಡ.’ (ಕೂಸು ಎಂದರೆ ನಮ್ಮ ಕಡೆ ಹುಡುಗಿ.)

ಸರಿಗೆಯಲ್ಲಿ ಬೇರೆ ಕಾಗದಗಳೆಲ್ಲ ಬಿಚ್ಚಿದ ಹಾಗೇ ಇವೆ. ಇದೊಂದನ್ನು ಮಾತ್ರ ಅಜ್ಜ ಮಡಿಸಿ ಚುಚ್ಚಿದ್ದಾರೆ. ಅದನ್ನು ನೋಡಿ ನನಗೆ ಅಜ್ಜನ ಮೇಲೆ ತುಂಬ ಪ್ರೀತಿ ಬಂತು. ಜಗಲಿಗೆ ಬಂದು ಹೋಗುವವರು ಸಾವಿರ ಜನ. ತಂಗಿಯ ಮಾತು ಯಾರ ಕಣ್ಣಿಗೂ ಬೀಳಬಾರದು. ಬದಿಯಲ್ಲಿ ಉತ್ತರದ ತಾರೀಕು, ಅದರ ಕೆಳಗೆ ಒಂದೇ ಪದ: ‘ಕೊಟ್ಟಿದೆ.’

ಎರಡನ್ನೂ ಅಮ್ಮನಿಗೆ ತೋರಿಸಿದೆ. ಅಮ್ಮ ಏನೂ ಹೇಳದೆ ಒಳಗೆ ಹೋಗಿ ತನ್ನ ಟ್ರಂಕಿನಿಂದ ಮೂರನೆಯದನ್ನು ತಂದಳು. ಅದು ಅಂಟಿಸಿದ ಕವರಿನಲ್ಲಿ ಬಂದದ್ದು. ಸರಿಗೆಗೆ ಹೋಗೇ ಇಲ್ಲ. ಅತ್ತೆಯೇ ಅಮ್ಮನಿಗೆ ಬರೆದದ್ದು.

ಅಮ್ಮ ಆಗ ಈ ಮನೆಗೆ ಬಂದು ಸ್ವಲ್ಪ ಕಾಲವಾಗಿತ್ತು. ಅಮ್ಮನೂ ಘಟ್ಟದ ಕೆಳಗಿನವಳು, ಹೊನ್ನಾವರದವಳು. ಹಾಗಾಗಿ ಅತ್ತೆ ಕೇಳಿದ್ದೆಲ್ಲ ಅಮ್ಮನ ಹತ್ತಿರವೇ. ‘ಮಳೆಗಾಲದಲ್ಲಿ ಅಲ್ಲಿ ಬಟ್ಟೆ ಒಣಗುವುದೇ ಇಲ್ಲವಂತೆ, ನಿಜವಾ? ಉಂಬಳ (ಜಿಗಣೆ) ಮನೆಯೊಳಗೂ ಬರುತ್ತದಾ? ನಮ್ಮ ಕಡೆಯ ಊಟ ನೆನಪಾದರೆ ಏನು ಮಾಡುತ್ತೀ?’ ಜಾತಕ, ಗೋತ್ರ, ಎಕರೆ, ಯಾವುದರ ಸುದ್ದಿಯೂ ಇಲ್ಲ. ಹುಡುಗ ಒಂದೇ ಪ್ರಶ್ನೆ ಕೇಳಿದನಂತೆ: ‘ಈಜು ಬರ್ತದಾ?’ ಅಘನಾಶಿನಿಯ ದಡದಲ್ಲಿ ಬೆಳೆದವರಿಗೆ ಈಜು ಬರದೆ ಇರ್ತದಾ ಎಂದು ಅತ್ತೆ ತಿರುಗಿ ಕೇಳಿದರಂತೆ. ದೊಡ್ಡವರೆಲ್ಲ ಸುಮ್ಮನಾದರು, ಅವನು ನಕ್ಕನು. ‘ಅವರು ನಕ್ಕಿದ್ದು ನನಗೆ ಸೇರಿತು. ಅಪ್ಪ ಕೇಳಿದಾಗ ಹೂಂ ಅಂದೆ. ಇದನ್ನು ಯಾರಿಗೂ ಹೇಳಬೇಡ.’

ಒಂದೇ ನಿಶ್ಚಯ, ಒಂದೇ ವಾರ, ಒಂದೇ ಮನೆಗೆ ಮೂರು ಕಾಗದ. ಅಪ್ಪ ಬರೆದದ್ದು ಮರ್ಯಾದೆಯ ಮಾತು, ಅಮ್ಮನದ್ದು ಚಿಂತೆ, ಮಗಳದ್ದು ಮನಸ್ಸು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಬರೆಯುವವರ ಕಣ್ಣೆದುರು ಓದುವ ಒಬ್ಬರ ಮುಖವೇ ಇರುತ್ತಿತ್ತು. ಇದೇ ನನಗೆ ದೊಡ್ಡದೆನಿಸಿದ್ದು. ತಡ, ಜಗಳ, ಸಿಟ್ಟು ಎಲ್ಲ ಆಗಲೂ ಇತ್ತು. ‘ಅವರಿಗೆ ಇನ್‌ಲ್ಯಾಂಡು, ನಮಗೆ ಬರೀ ಕಾರ್ಡು’ ಎಂದು ಮದುವೆಗೇ ಬಾರದವರಿದ್ದರು. ಮುಂಬೈಯಲ್ಲಿದ್ದ ನಂಟರಿಗೆ ಸುದ್ದಿ ಮುಟ್ಟುವುದು ತಡ, ಅವರು ಹೊರಟು ಬರುವುದು ಇನ್ನೂ ತಡ. ಕೊಂಕಣ ರೈಲು ಬಂದದ್ದೇ 1998ರಲ್ಲಿ.

ಸಂಜೆ ಅತ್ತೆಗೆ ಫೋನ್ ಮಾಡಿ ಕಾಗದ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಅಮ್ಮ ಬರೆದ ಉತ್ತರ ತಮ್ಮ ಹತ್ತಿರ ಇನ್ನೂ ಇದೆ ಎಂದರು. ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಒಣಗಿಸಬಹುದು, ಉಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು ಸಾಕು, ಹೆದರದೆ ಬಾ ಎಂದು ಬರೆದಿದ್ದಳಂತೆ. ಊಟದ ಪ್ರಶ್ನೆಗೆ ಮಾತ್ರ ಉತ್ತರ ಬರೆದಿರಲಿಲ್ಲ. ಯಾಕೆ ಎಂದು ಅಮ್ಮನನ್ನು ಕೇಳಿದೆ. ‘ಬರೆಯಲು ಹೋದರೆ ಅಳು ಬರುತ್ತಿತ್ತು’ ಎಂದಳು.

ಅಣ್ಣನ ಮಗಳ ನಿಶ್ಚಯ ಮೊನ್ನೆ ಆಯಿತು. ವಾಟ್ಸಾಪಿನಲ್ಲಿ ಚಂದದ ಫೋಟೋ ಬಂತು, ಎಲ್ಲರಿಗೂ ಒಂದೇ ಹೊತ್ತಿಗೆ. ಖುಷಿಯೇ. ಅತ್ತೆ ಅದರ ಬಗ್ಗೆ ಕೇಳಿದ್ದು ಒಂದೇ: ‘ಫೋಟೋ ನಾನೂ ನೋಡಿದೆ. ಕೂಸು ಎಂತ ಹೇಳ್ತು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂಸಿಗೆ ಫೋನ್ ಮಾಡಿ, ಅತ್ತೆಗೆ ನೀನೇ ಒಂದು ಕಾಗದ ಬರೆಯಬೇಕು ಎಂದೆ. ಏನು ಬರೆಯಲಿ ಎಂದು ಕೇಳಿದಳು. ನನಗೆ ತೋರಿಸಬೇಡ, ಬರೆದು ಅಂಟಿಸು ಎಂದೆ. ನಾಳೆ ಅಂಚೆ ಕಚೇರಿ ತೆರೆದ ಕೂಡಲೇ ಅವಳಿಗೆ ಕವರು ತರಬೇಕು. ಹೊನ್ನಾವರದ ದೊಡ್ಡಮ್ಮನಿಗೆ ಕಿವಿ ಕೇಳುವುದಿಲ್ಲ, ಫೋನಿನಲ್ಲಿ ಹೇಳಿದ್ದು ಅರ್ಧವೂ ತಿಳಿಯುವುದಿಲ್ಲ. ಅವರಿಗೆ ನಾನೇ ಬರೆಯುತ್ತೇನೆ, ಒಂದು ಇನ್‌ಲ್ಯಾಂಡ್.