‘ಗ್ರಾಹಕ’ ಎಂದರೆ ಯಾರು?

ನಮ್ಮ ಸಂಸ್ಥೆಗೊಂದು ದತ್ತಾಂಶ ನಿಘಂಟು (ದಾಖಲಾಗುವ ಪ್ರತಿ ಮಾಹಿತಿಯ ಅರ್ಥವೇನೆಂದು ಬರೆದಿಡುವ ಪಟ್ಟಿ) ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಡೇಟಾಬೇಸ್‌ನಲ್ಲಿದ್ದ ಕೋಷ್ಟಕಗಳ ಮತ್ತು ಕಾಲಂಗಳ ಹೆಸರುಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಿ, ಪ್ರತಿಯೊಂದರ ಎದುರೂ ಒಂದು ಸಾಲಿನ ವಿವರಣೆ ಬರೆದೆ. ‘ಗ್ರಾಹಕ ಸ್ಥಿತಿ’ ಎಂಬ ಕಾಲಂಗೆ ‘ಗ್ರಾಹಕರ ಸ್ಥಿತಿಯನ್ನು ತಿಳಿಸುತ್ತದೆ’ ಎಂದು ಬರೆದವನೂ ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾರಾಟ ಮತ್ತು ಲೆಕ್ಕಪತ್ರ ವಿಭಾಗದವರನ್ನು ಒಟ್ಟಿಗೆ ಕೂರಿಸಿಕೊಂಡು ಆ ಹಾಳೆಯನ್ನು ಓದಿದ ದಿನವೇ ಅದರ ಪೊಳ್ಳುತನ ಬಯಲಾಯಿತು. ಮಾರಾಟದವರ ಪ್ರಕಾರ ಒಪ್ಪಂದಕ್ಕೆ ಸಹಿ ಹಾಕಿದವರೆಲ್ಲ ‘ಸಕ್ರಿಯ ಗ್ರಾಹಕ’ರು, ಲೆಕ್ಕಪತ್ರದವರ ಪ್ರಕಾರ ಕಳೆದ 12 ತಿಂಗಳಲ್ಲಿ ಒಂದು ಬಿಲ್ಲಾದರೂ ಆಗಿರಬೇಕು. ಎರಡು ವಿಭಾಗಗಳ ವರದಿಗಳು ತಾಳೆಯಾಗದಿದ್ದಾಗಲೆಲ್ಲ ನಾವು ತಂತ್ರಾಂಶವನ್ನು ದೂರುತ್ತಿದ್ದೆವು. ಅರ್ಧ ದಿನ ವಾದ ನಡೆದರೂ ಯಾರೂ ಪಟ್ಟು ಸಡಿಲಿಸಲಿಲ್ಲ. ಸಡಿಲಿಸಬೇಕಾಗಿಯೂ ಇರಲಿಲ್ಲ, ಏಕೆಂದರೆ ಅವರವರ ಕೆಲಸಕ್ಕೆ ಅವರವರ ಅರ್ಥವೇ ಬೇಕಿತ್ತು. ಕೊನೆಗೆ ಆ ಪದವನ್ನು ಕೈಬಿಟ್ಟು, ‘ಒಪ್ಪಂದದಲ್ಲಿರುವ ಗ್ರಾಹಕ’ ಮತ್ತು ‘ಬಿಲ್ ಆದ ಗ್ರಾಹಕ’ ಎಂಬ ಎರಡು ನಮೂದುಗಳನ್ನು ಮಾಡಿದೆವು.

ಆ ‘ಗ್ರಾಹಕ ಸ್ಥಿತಿ’ ಕಾಲಂನಲ್ಲಿ 1, 2, 3ರ ಜೊತೆಗೆ ಅಲ್ಲಲ್ಲಿ 9 ಎಂಬ ಸಂಕೇತವೂ ಇತ್ತು. ತಂತ್ರಾಂಶ ತಂಡದವರಿಗೆ ಅದರ ಅರ್ಥ ತಿಳಿದಿರಲಿಲ್ಲ. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಲೆಕ್ಕಪತ್ರದ ಹಿರಿಯ ಗುಮಾಸ್ತರು, “ಹಳೆಯ ವ್ಯವಸ್ಥೆಯಿಂದ ಖಾತೆಗಳನ್ನು ತಂದಾಗ ಸ್ಥಿತಿ ಗೊತ್ತಾಗದವಕ್ಕೆಲ್ಲ ನಾವೇ 9 ಹಾಕಿದ್ದು ಸಾರ್, ಆಮೇಲೆ ಯಾರೂ ಕೇಳಲಿಲ್ಲ” ಎಂದರು. ಡೇಟಾಬೇಸನ್ನು ಎಷ್ಟು ಜಾಲಾಡಿದರೂ ಸಿಗದಿದ್ದ ಉತ್ತರವದು.

ಮೆಟಾಡೇಟಾ (ದತ್ತಾಂಶವನ್ನು ವಿವರಿಸುವ ಮಾಹಿತಿ) ನೋಂದಣಿಗೆ ಸಂಬಂಧಿಸಿದ ಐಎಸ್‌ಒ/ಐಇಸಿ 11179 ಎಂಬ ಅಂತರರಾಷ್ಟ್ರೀಯ ಮಾನಕದ 4ನೆಯ ಭಾಗ ವ್ಯಾಖ್ಯೆಗಳನ್ನು ಬರೆಯುವ ಕ್ರಮವನ್ನೇ ಕುರಿತದ್ದು. ಒಂದು ವಸ್ತು ಏನಲ್ಲ ಎಂದಷ್ಟೇ ಹೇಳಿ ನಿಲ್ಲಿಸಬಾರದು, ಏನು ಎಂಬುದನ್ನು ಹೇಳಬೇಕು, ಸುತ್ತಿ ಬಳಸಿ ಅದೇ ಪದಕ್ಕೆ ಮರಳಬಾರದು ಎನ್ನುತ್ತದೆ ಅದು. ನನ್ನ ಹಾಳೆಯ ಬಹುಪಾಲು ಸಾಲುಗಳು ಈ ಕೊನೆಯ ಮಾತಿಗೇ ಸೋತವು. ಅವನ್ನು ಮತ್ತೆ ಬರೆಯುವಾಗ, ಎಣಿಕೆಯಲ್ಲಿ ಯಾರು ಸೇರುವುದಿಲ್ಲ, ಅಂಕಿ ಯಾವ ವ್ಯವಸ್ಥೆಯಿಂದ ಬರುತ್ತದೆ, ಅರ್ಥ ಬದಲಿಸುವ ಅಧಿಕಾರ ಯಾವ ಹುದ್ದೆಗಿದೆ ಎಂಬುದನ್ನೂ ಸೇರಿಸಿದೆ.

ಸ್ಥಿತಿ 9ರ ಖಾತೆಗಳನ್ನು ಯಾವ ಎಣಿಕೆಗೆ ಸೇರಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆ ನಮೂದಿನ ಎದುರು ‘ತೀರ್ಮಾನ ಬಾಕಿ’ ಎಂದೇ ಬರೆದು, ಕೆಳಗೆ ಲೆಕ್ಕಪತ್ರ ವ್ಯವಸ್ಥಾಪಕರ ಹುದ್ದೆಯನ್ನು ನಮೂದಿಸಿದ್ದೇನೆ.