ಹಂಚಿನ ಮಾಡು, ಆರು ವಾರ, ಒಂದು ಉಳಿ

ದೊಡ್ಡ ತೀರ್ಮಾನಗಳನ್ನೂ ಊಹೆಗಳನ್ನೂ ಬರೆದಿಡುವ ನನ್ನ ನಿರ್ಧಾರದ ಪುಸ್ತಕದ 14ನೇ ನಮೂದು ಕೊನೆಗೂ ಮುಗಿಯಿತು. ಉಡುಪಿ ಹತ್ತಿರದ ಕಟಪಾಡಿಯ ಹಳೇ ಮನೆಯ ಹಂಚಿನ ಮಾಡು (ಛಾವಣಿ) ರಿಪೇರಿ ಮಾಡಿಸುವುದೋ, ಮನೆಯನ್ನೇ ಕೆಡವಿ ಟೆರೇಸ್ ಮನೆ ಕಟ್ಟುವುದೋ? ಕೊಟೇಶನ್ ತರಿಸಿದ್ದು, ಲೆಕ್ಕದ ಶೀಟ್ ಮಾಡಿದ್ದು ಎಲ್ಲ ಬಿಡುತ್ತೇನೆ. ರಿಪೇರಿಗೆ 6 ಲಕ್ಷ, ಹೊಸ ಮನೆಗೆ 24 ಲಕ್ಷ.

ತಲೆ ತಿಂದದ್ದು ಅಂಕಪಟ್ಟಿ. ಖರ್ಚು, ಸೆಕೆ, ಸೋರುವುದು, ಅಮ್ಮನ ಅನುಕೂಲ, ಹೀಗೆ ಎಂಟು ಸಾಲು, ಪ್ರತಿ ಸಾಲಿಗೂ ತೂಕ. ಮೊದಲ ಸಲ ಟೆರೇಸ್ 412, ಹಂಚು 398. ನನಗೆ ಸಮಾಧಾನವಾಗಲಿಲ್ಲ. ಸೆಕೆಯ ತೂಕ 7 ಇದ್ದದ್ದನ್ನು 9 ಮಾಡಿದೆ. ಇಲ್ಲಿನ ಏಪ್ರಿಲ್ ಕಂಡವರು ಯಾರೂ ಬೇಡ ಅನ್ನಲಿಕ್ಕಿಲ್ಲ, ಅಲ್ವಾ? ಹಂಚು ಗೆದ್ದಿತು. ಸಂಜೆ ಹೆಂಡತಿ ಅದೇ ಶೀಟ್ ತೆರೆದು ಸೋರುವುದಕ್ಕೆ 10 ಕೊಟ್ಟಳು. ಟೆರೇಸ್ ಗೆದ್ದಿತು. ಹೀಗೆ ಆರು ವಾರ. ಜಗಳವನ್ನೇ ದಶಾಂಶದಲ್ಲಿ ಆಡಿದೆವು ಅಷ್ಟೆ.

1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಪತ್ರದಲ್ಲಿ ಹೇಳಿಕೊಟ್ಟ ಉಪಾಯವನ್ನೂ ನೋಡಿದೆ. ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ, ಸಮ ತೂಗುವುದನ್ನು ಎರಡೂ ಕಡೆಯಿಂದ ಹೊಡೆದು ಹಾಕುವುದು. ಹೊಡೆದೂ ಹೊಡೆದೂ ನನಗೆ ಉಳಿದದ್ದು ಎರಡೇ: "ಅಜ್ಜ ಕಟ್ಟಿಸಿದ್ದು" ಮತ್ತು "ಇಲಿ".

ಕೊನೆಗೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳುವ ಪ್ರೀಮಾರ್ಟಮ್ ಮಾಡಿದೆವು, ಅಂದರೆ ಸೋತೇ ಹೋಯಿತು ಎಂದು ಮೊದಲೇ ಕಲ್ಪಿಸಿಕೊಳ್ಳುವುದು. ಮೂರು ವರ್ಷ ಕಳೆದಿದೆ, ಮಳೆ ಜೋರಿನ ಆಟಿ ತಿಂಗಳು, ಮಾಡಿದ ನಿರ್ಧಾರ ಪೂರ್ತಿ ಕೆಟ್ಟಿದೆ. ಯಾಕೆ ಕೆಟ್ಟಿತು ಎಂದು ಒಬ್ಬೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ನನ್ನದು ಅರ್ಧ ಪುಟ. ಅಮ್ಮನದು ಎರಡು ಸಾಲು: "ಮಳೆಗೆ ಮೊದಲು ಹಂಚು ಸರಿ ಮಾಡಲು ಜನ ಸಿಗಲಿಲ್ಲ. ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ನೀವು ನೋಡಲಿಲ್ಲ."

ನೋಡಲಿಲ್ಲ! ಎಂಟು ಸಾಲಿನ ಶೀಟ್ ಮಾಡಿದವನು ಮಾಡಿನ ಒಳಗೆ ಒಂದು ಸಲವೂ ಹತ್ತಿರಲಿಲ್ಲ.

ಅವತ್ತು ರಾತ್ರಿ ತೂಕ ಎಲ್ಲ ಬದಿಗಿಟ್ಟು ಒಂದೇ ಲೆಕ್ಕ ಹಾಕಿದೆ. ಮರ ಹಾಳಾಗಿರುವ ಸಾಧ್ಯತೆ ಶೇಕಡ 40 ಎಂದುಕೊಳ್ಳಿ. ನೋಡದೆ ರಿಪೇರಿಗೆ ಇಳಿದು ಮರ ಹಾಳಾಗಿದ್ದರೆ 6 ಲಕ್ಷ ನೀರಿಗೆ, ಆಮೇಲೆ ಹೇಗೂ 24 ಲಕ್ಷ. ಅಂದರೆ ಸರಾಸರಿ 15.6 ಲಕ್ಷ. ಮೊದಲೇ ನೋಡಿ ತೀರ್ಮಾನಿಸಿದರೆ 13.2 ಲಕ್ಷ. ನಡುವಿನ 2.4 ಲಕ್ಷ ಬರೇ ನೋಡುವುದರಿಂದ ಆಗುವ ಲಾಭ. ಮರಗೆಲಸದ ಆಚಾರ್ರು ಹತ್ತಿ ನೋಡಲು ಕೇಳಿದ್ದು 4,000 ರೂಪಾಯಿ. ನಾನು ಆರು ವಾರ ಅದನ್ನು ದುಬಾರಿ ಎಂದು ಮುಂದೂಡಿದ್ದೆ. ಬರೆಯಲಿಕ್ಕೂ ನಾಚಿಕೆ.

ಇನ್ನು ಆಚಾರ್ರು. "ನಾಳೆ ಬರ್ತೇನೆ" ಎಂದಾಗ ನಾನು ಬರುವ ಸಾಧ್ಯತೆ ಶೇಕಡ 70 ಎಂದು ಬರೆದೆ. ಬರಲಿಲ್ಲ. ಬ್ರಿಯರ್ ಅಂಕಕ್ಕೆ (ಊಹೆಗೂ ನಡೆದದ್ದಕ್ಕೂ ಇರುವ ಅಂತರದ ವರ್ಗ, ಕಡಿಮೆಯಿದ್ದಷ್ಟು ಒಳ್ಳೆಯದು) 0.49ರ ಪೆಟ್ಟು. ಸುಮ್ನೆ 50 ಬರೆದಿದ್ದರೂ 0.25ಕ್ಕೆ ಮುಗಿಯುತ್ತಿತ್ತು. ಮರುದಿನ ಮತ್ತೆ 70, ಮತ್ತೆ ಪೆಟ್ಟು. ಮೂರನೇ ಸಲ ಬುದ್ಧಿ ಬಂದು 20 ಬರೆದೆ, ಅವತ್ತೇ ಬಂದರು. ಬ್ರಿಯರ್ 1950ರಲ್ಲಿ ಈ ಅಳತೆ ಮಾಡಿದ್ದು ಹವಾಮಾನದವರಿಗಾಗಿ. ಆಚಾರ್ರಿಗಿಂತ ಮಳೆಯೇ ವಾಸಿ.

ಕಾಯುತ್ತಾ ಕುಳಿತಾಗ ಮುಂದಿನ ಪ್ರಾಜೆಕ್ಟ್ ಹೊಳೆಯಿತು: ನಮ್ಮ ಕಡೆಯ ಶಂಕರಪುರ ಮಲ್ಲಿಗೆಯ ಮರುದಿನದ ದರ ಊಹಿಸುವುದು. ದಿನಾ ದರ ಗೊತ್ತಾಗುತ್ತದೆ, ದರ ಅಟ್ಟೆಯ ಲೆಕ್ಕದಲ್ಲಿ (ಕಟ್ಟಿದ ಹೂವಿನ ನಾಲ್ಕು ಚೆಂಡಿಗೆ ಒಂದು ಅಟ್ಟೆ), ಉತ್ತರ ಮರುದಿನವೇ ಕೈಗೆ. ಊಹೆ ಪಳಗಿಸಲು ಇದಕ್ಕಿಂತ ಒಳ್ಳೆಯದು ಬೇಕಾ? ಮನೆಯ ವಿಷಯದಲ್ಲಿ ಉತ್ತರ ಬರಲು ವರ್ಷಗಳೇ ಬೇಕು. ಅಮ್ಮ ಒಂದು ಕಡೆ, ನಾನು ಒಂದು ಕಡೆ. ಮದುವೆ ಸೀಸನ್‌ಗೆ ಮೊದಲು ಶುರು.

ಸರಿ, ಮಾಡಿಗೆ ಬರೋಣ. ಆಚಾರ್ರು ಉಳಿ ಹಿಡಿದು ಒಂದೊಂದೇ ಪಕ್ಕಾಸು ಚುಚ್ಚುತ್ತಾ ಹೋದರು. ಕೆಳಗೆ ನಿಂತು ನಾನು ಶಬ್ದ ಕೇಳುತ್ತಿದ್ದೆ. ಟಕ್ ಎಂದರೆ ಗಟ್ಟಿ, ಪುಸ್ ಎಂದರೆ ಹೋಯಿತು. 46ರಲ್ಲಿ 11 ಪುಸ್. ಹೆಚ್ಚಿನವು ಅಡಿಗೆಕೋಣೆಯ ಮೇಲಿನವೇ! ಮೊದಲು ಒಲೆಯ ಹೊಗೆ ಮರವನ್ನು ಕಾಯುತ್ತಿತ್ತು, ಗ್ಯಾಸ್ ಬಂದ ಮೇಲೆ ಗೆದ್ದಲಿಗೆ ದಾರಿಯಾಯಿತು ಎಂದರು ಆಚಾರ್ರು. ಹಾಳು ಅಥವಾ ಸರಿ ಎಂದು ಎರಡೇ ಕವಲು ಇಟ್ಟಿದ್ದ ನನ್ನ ಲೆಕ್ಕದಲ್ಲಿ "ಕಾಲು ಭಾಗ ಹಾಳು" ಎಂಬುದಕ್ಕೆ ಜಾಗವೇ ಇರಲಿಲ್ಲ. ಹೊಸ ಅಂದಾಜು 8.5 ಲಕ್ಷ. 24ರ ಎದುರು ಯೋಚನೆ ಬೇಕಾಗಲಿಲ್ಲ, ಹೆಂಡತಿಯೂ ಒಪ್ಪಿದಳು. ಪ್ರತಿ ಮೇ ತಿಂಗಳ ಹಂಚಿನ ಕೆಲಸಕ್ಕೆ ಜನ ಹುಡುಕುವುದು ನನ್ನ ತಲೆಗೆ, ಹಾಗೆಂದು ಬರೆದು ಸಹಿ ಹಾಕಿಸಿಕೊಂಡಿದ್ದಾಳೆ.

ಹಂಚಿನ ಅಂಗಡಿಯವರದು ಬೇರೆ ಪುರಾಣ. ಸ್ಯಾಂಪಲ್ ಎಂದು ಕಳಿಸಿದ ಹಂಚು ನಮ್ಮ ಹಳೇ ಹಂಚಿನ ಸಂದಿಗೆ ಕೂರುವುದೇ ಇಲ್ಲ. ಬೇರೆ ಕಾರ್ಖಾನೆ, ಬೇರೆ ಅಚ್ಚು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅಷ್ಟು ಹಳೇ ಕಸುಬಿನ ಸೀಮೆಯಲ್ಲೇ ನಾನು ಹಂಚಿಗೆ ಹಂಚು ಜೋಡಿಸಲು ಗುಜರಿ ಅಲೆಯುತ್ತಿದ್ದೇನೆ.

ಪಕ್ಕಾಸಿಗೆ ಮರ ನೋಡಲು ಆಚಾರ್ರು ಸೋಮವಾರ ಬರುತ್ತಾರಂತೆ. ಶೇಕಡ 35 ಎಂದು ಬರೆದಿದ್ದೇನೆ.